ಸ್ವಗೃಹದಲ್ಲಿ ವಾರ್ಧಕ್ಯ: ನೆರೆಹೊರೆಯ ಸೇವೆಯೂ ನಾಡಿನ ಹೊಣೆಯೂ



ವೃದ್ಧಾಪ್ಯವನ್ನು ಕುರಿತು ನಮ್ಮ ಸಭೆಗಳಲ್ಲಿ ಮಾತು ಹೊರಟಾಗಲೆಲ್ಲ ಅದು ಬಹುಮಟ್ಟಿಗೆ ಎರಡು ದಾರಿಗಳನ್ನು ಹಿಡಿಯುತ್ತದೆ. ಅವಿಭಕ್ತ ಕುಟುಂಬವು ಒಡೆಯಿತು, ಮಕ್ಕಳು ಹೆತ್ತವರನ್ನು ಮರೆತರು, ಕಾಲ ಕೆಟ್ಟಿತು ಎಂದು ಶೋಕಿಸುವುದು ಒಂದು ದಾರಿ. ಊರೂರಿಗೆ ವೃದ್ಧಾಶ್ರಮಗಳನ್ನು ಕಟ್ಟಿಸಿ ದಿಕ್ಕಿಲ್ಲದ ಹಿರಿಯರನ್ನು ಅಲ್ಲಿಗೆ ಸೇರಿಸಿ ಕೃತಾರ್ಥರಾಗುವುದು ಇನ್ನೊಂದು. ಈ ಎರಡರ ನಡುವೆ ಇರುವ ವಿಶಾಲವಾದ ಪ್ರದೇಶವು, ಎಂದರೆ ಮಕ್ಕಳು ದೂರದಲ್ಲಿದ್ದರೂ ಅಥವಾ ಇಲ್ಲದೆಯೇ ಹೋದರೂ, ಆಶ್ರಮದ ಕದವನ್ನು ತಟ್ಟದೆ, ತಾವು ಬಾಳಿದ ಮನೆಯಲ್ಲಿಯೇ, ಪರಿಚಿತವಾದ ಬೀದಿಯಲ್ಲಿಯೇ, ತಮ್ಮ ಇಷ್ಟಾನಿಷ್ಟಗಳಿಗೆ ತಾವೇ ಒಡೆಯರಾಗಿ ಹಿರಿಯರು ಕೊನೆಯ ವರ್ಷಗಳನ್ನು ಕಳೆಯುವುದಕ್ಕೆ ಊರು ಒದಗಿಸಬಹುದಾದ ನೆರವುಗಳ ಪ್ರದೇಶವು, ನಮ್ಮ ವಿಚಾರಕ್ಕೆ ವಿಷಯವಾದದ್ದು ಬಹಳ ಕಡಮೆ. ಈ ಸಂಜೆಯ ಉಪನ್ಯಾಸವನ್ನು ನಾನು ಆ ಪ್ರದೇಶಕ್ಕೆ ಮೀಸಲಿಡುತ್ತೇನೆ. ನಾನು ತಮ್ಮ ಮುಂದಿಡಬೇಕೆಂದಿರುವ ಪ್ರತಿಪಾದನೆ ಒಂದೇ: ಮುಪ್ಪಿನಲ್ಲಿ ಮನುಷ್ಯನ ಸ್ವಾತಂತ್ರ್ಯವನ್ನು ಕಾಯುವುದು ನಡೆದು ಹೋಗುವಷ್ಟು ಸಮೀಪದಲ್ಲಿ, ಗೊತ್ತಾದ ದಿನ, ಗೊತ್ತಾದ ವೇಳೆಗೆ ತಪ್ಪದೆ ಒದಗುವ ಚಿಕ್ಕ ಚಿಕ್ಕ ಸೇವೆಗಳು, ಮತ್ತು ಆ ಸೇವೆಗಳು ಯಾರದೋ ದಯೆಯಾಗಿ ಬರದೆ ಹಕ್ಕಾಗಿ ಬರಬೇಕು.

1961ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆಯ ನೂರಕ್ಕೆ 5.6ರಷ್ಟು ಮಂದಿ ಅರವತ್ತು ವರ್ಷವನ್ನು ದಾಟಿದವರಾಗಿದ್ದರು. 2011ರ ಹೊತ್ತಿಗೆ ಈ ಪ್ರಮಾಣ 8.6ಕ್ಕೆ ಏರಿ, ಅವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಇದು ದುಃಖಪಡತಕ್ಕ ಸಂಗತಿಯಲ್ಲ. ಸಿಡುಬು ಹೋಯಿತು, ಕಾಲರಾ ಅಡಗಿತು, ಬಾಣಂತಿಯರ ಮತ್ತು ಹಸುಗೂಸುಗಳ ಸಾವು ಇಳಿಯಿತು, ಆದಕಾರಣ ಜನರು ಮುಪ್ಪಿನವರೆಗೆ ಬದುಕತೊಡಗಿದರು. ನಮ್ಮ ಅಜ್ಜಂದಿರ ಕಾಲದಲ್ಲಿ ಕೆಲವರಿಗೆ ಮಾತ್ರ ಲಭ್ಯವಾಗಿದ್ದ ದೀರ್ಘಾಯುಸ್ಸು ಇಂದು ಸಾಮಾನ್ಯರಿಗೂ ಲಭ್ಯವಾಗಿದೆ. ಹಾಗೆ ಲಭಿಸಿದ ವರ್ಷಗಳನ್ನು ಎಲ್ಲಿ, ಯಾರ ನಡುವೆ, ಹೇಗೆ ಕಳೆಯಬೇಕೆಂಬುದನ್ನು ಮಾತ್ರ ನಾವು ಇನ್ನೂ ಯೋಚಿಸಿಲ್ಲ.

ಒಂಟಿತನವೂ ನಮ್ಮ ನಾಡಿನಲ್ಲಿ ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆ ಅಡಕೆಯ ತೋಟದ ಅಂಚಿನಲ್ಲಿ ಹತ್ತಾರು ಜನ ಉಂಡು ಮಲಗುತ್ತಿದ್ದ ಮನೆಗಳಲ್ಲಿ ಇಂದು ಗಂಡಹೆಂಡಿರಿಬ್ಬರೇ ಉಳಿದಿರುತ್ತಾರೆ. ಅಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಊರಾಗಿರುವುದಿಲ್ಲ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ ಇರುವುದೂ ಅಪರೂಪ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ನಂಟೂ ಕಡಿದುಹೋಗುತ್ತದೆ. ಕರಾವಳಿಯ ಮನೆಗಳಿಗೆ ಮುಂಬಯಿಯಿಂದಲೂ ಕೊಲ್ಲಿಯ ದೇಶಗಳಿಂದಲೂ ಹಣ ಬರುತ್ತದೆ, ದಿನವೂ ದೂರವಾಣಿಯ ಕರೆ ಬರುತ್ತದೆ. ಆದರೆ ದೂರವಾಣಿಯ ಮೂಲಕ ಬಿದ್ದವರನ್ನು ಎತ್ತಲು ಸಾಧ್ಯವಿಲ್ಲವಷ್ಟೆ. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯ ಕಥೆಯೇ ಬೇರೆ. ಅಲ್ಲಿ ಬೆಳೆಯ ಕೆಲಸ ಮುಗಿದ ಮೇಲೆ ದುಡಿಯುವ ವಯಸ್ಸಿನವರೆಲ್ಲ ಬೆಂಗಳೂರಿಗೋ ಪುಣೆಗೋ ಗೋವೆಗೋ ಗುಳೆ ಹೋದರೆ, ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಅಲ್ಲಿಯ ಮುದುಕಿ ನೆರವನ್ನು ಬೇಡುವವಳಲ್ಲ, ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಶಾಲೆಗೆ ಕಳಿಸಿ ಆಡನ್ನು ಕಾಯುವ ಮನೆಯ ಯಜಮಾನಿತಿ, ಆದರೆ ಅವಳ ಮೊಣಕಾಲು ಊದಿಕೊಂಡ ದಿನ ಇಡೀ ಸಂಸಾರವೇ ನಿಂತುಬಿಡುತ್ತದೆ. ಇನ್ನು ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ, ಜಯನಗರಗಳಲ್ಲಿ ನಿವೃತ್ತಿವೇತನವೂ ಸ್ವಂತ ಮನೆಯೂ ಉಳ್ಳ ವೃದ್ಧರು ಸುತ್ತಲೂ ಸಾವಿರಾರು ಜನರಿದ್ದರೂ, ಪಕ್ಕದ ಮನೆಗೆ ಬಾಡಿಗೆಗೆ ಬಂದವರ ಹೆಸರು ತಿಳಿಯದೆ, ಕದಕ್ಕೆ ಮೂರು ಚಿಲಕ ಹಾಕಿಕೊಂಡು ಕುಳಿತಿರುತ್ತಾರೆ. ಇವರೆಲ್ಲರಿಗೂ ಒಂದೇ ಔಷಧವೆಂದು ಜಿಲ್ಲಾ ಕೇಂದ್ರದಲ್ಲಿ ಒಂದು ಕಟ್ಟಡವನ್ನು ತೋರಿಸುವುದು ಸಮಸ್ಯೆಯನ್ನು ಅರಿಯದವರ ಪರಿಹಾರ.

ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಯಾವುದೋ ಮಹಾರೋಗದಿಂದ ಒಂದೇ ದಿನದಲ್ಲಿ ಕಳೆದುಕೊಳ್ಳುತ್ತಾನೆಂದು ನಾವು ಭಾವಿಸುತ್ತೇವೆ. ಕೆಲವರ ವಿಷಯದಲ್ಲಿ ಅದು ನಿಜ. ಹೆಚ್ಚಿನವರ ವಿಷಯದಲ್ಲಿ ಅದು ಅಣು ಅಣುವಾಗಿ ಜಾರಿಹೋಗುತ್ತದೆ, ಜಾರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಅಟ್ಟದ ಮೇಲಿನ ಪಾತ್ರೆಯನ್ನು ಇಳಿಸುವುದು ನಿಲ್ಲುತ್ತದೆ. ಕೆಟ್ಟ ಬಲ್ಬನ್ನು ಬದಲಿಸುವವರಿಲ್ಲದೆ ಹಿತ್ತಿಲ ದಾರಿ ಕತ್ತಲಾಗುತ್ತದೆ. ಕತ್ತಲಾದ ದಾರಿಗೆ ಹೆದರಿ ರಾತ್ರಿ ಬಚ್ಚಲಿಗೆ ಹೋಗುವುದನ್ನು ತಪ್ಪಿಸಲು ಸಂಜೆಯಿಂದಲೇ ನೀರು ಕುಡಿಯುವುದು ಕಡಮೆಯಾಗುತ್ತದೆ. ನೀರು ಕಡಮೆಯಾದುದರಿಂದ ಬೇಸಗೆಯಲ್ಲಿ ತಲೆ ತಿರುಗುತ್ತದೆ. ತಿರುಗಿದ ತಲೆಯಿಂದ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದ ದಿನ, ನೆಂಟರೆಲ್ಲ ಬಂದು, ‘ವಯಸ್ಸಾಯಿತು, ಇನ್ನು ಒಬ್ಬರೇ ಇರುವುದು ಸಾಧ್ಯವಿಲ್ಲ’ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನಕ್ಕೆ ಮೂಲವಾದದ್ದು ವಯಸ್ಸು ಎಷ್ಟೋ ಬಲ್ಬೂ ಅಷ್ಟೇ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಅಡುಗೆಯ ಸಂಗತಿಯೂ ಹೀಗೆಯೇ. ಒಬ್ಬರಿಗಾಗಿ ಒಲೆ ಹಚ್ಚುವ ಉತ್ಸಾಹ ಕುಂದಿ, ಬೆಳಗಿನ ಅನ್ನವೇ ರಾತ್ರಿಗೂ ಆಗಿ, ಮಜ್ಜಿಗೆ ಉಪ್ಪಿನಕಾಯಿಯಲ್ಲಿ ದಿನ ಕಳೆದು, ಶರೀರವು ಸೊರಗುತ್ತದೆ. ಸೊರಗಿದ ಶರೀರಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ಹೆಚ್ಚು ಬಲವಾಗಿ ತಗಲುತ್ತದೆ. ಕಾಲಿನ ಉಗುರನ್ನು ಬಾಗಿ ಕತ್ತರಿಸಿಕೊಳ್ಳಲಾಗದೆ, ಆ ಸಣ್ಣ ವಿಷಯಕ್ಕೆ ಯಾರನ್ನು ಕೇಳುವುದೆಂಬ ಸಂಕೋಚದಿಂದ, ಪಾದವೇ ಹುಣ್ಣಾದವರಿದ್ದಾರೆ. ಜೀವಮಾನವೆಲ್ಲ ಗುದ್ದಲಿ ಹಿಡಿದು, ಬೆರಳಿನ ರೇಖೆಗಳು ಸವೆದುಹೋದುದರಿಂದ, ನ್ಯಾಯಬೆಲೆ ಅಂಗಡಿಯ ಯಂತ್ರವು ಗುರುತು ಹಿಡಿಯಲೊಲ್ಲದೆ ಹಿಂದಿರುಗಿದ ವೃದ್ಧ ಕೂಲಿಕಾರರಿದ್ದಾರೆ. ದುಡಿಮೆಯ ಗುರುತೇ ಅನ್ನಕ್ಕೆ ಅಡ್ಡಿಯಾಗುವ ಈ ಅನ್ಯಾಯವನ್ನು ಯಾವ ವೈದ್ಯನೂ ಗುಣಪಡಿಸಲಾರ, ಜೊತೆಗೆ ಹೋಗಿ ಅಂಗಡಿಯವನೊಡನೆ ಮಾತನಾಡುವ ಒಬ್ಬ ಮನುಷ್ಯ ಗುಣಪಡಿಸಬಲ್ಲ.

ಇವನ್ನೆಲ್ಲ ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವುಂಟು. ಸ್ವಾತಂತ್ರ್ಯವು ಇಷ್ಟು ಸಣ್ಣ ಬಿರುಕುಗಳಿಂದ ಸೋರಿಹೋಗುವುದಾದರೆ, ಅದನ್ನು ಉಳಿಸುವ ಕೆಲಸವೂ ಆ ಪ್ರಮಾಣದ್ದೇ ಆಗಿರಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಒಬ್ಬರು ಬಂದು ಬಲ್ಬು, ಮಾತ್ರೆ, ಉಗುರು, ಕಾಗದಪತ್ರಗಳನ್ನು ನೋಡಿ ಹೋದರೆ ವರ್ಷಾನುಗಟ್ಟಲೆ ತಮ್ಮ ಮನೆಯಲ್ಲಿಯೇ ಇರಬಲ್ಲವರು ನಮ್ಮ ನಡುವೆ ಅಸಂಖ್ಯರು. ಬಚ್ಚಲಿನ ಗೋಡೆಗೆ ಒಂದು ಹಿಡಿಕೆ, ಎತ್ತರದ ಹೊಸ್ತಿಲಿಗೆ ಒಂದು ಮೆಟ್ಟಿಲು, ಕೂತು ಏಳಬಹುದಾದ ಶೌಚಪೀಠ, ಇವುಗಳ ವೆಚ್ಚವನ್ನು ಮೂಳೆ ಮುರಿದವರ ಶಸ್ತ್ರಚಿಕಿತ್ಸೆಯ ವೆಚ್ಚದ ಪಕ್ಕದಲ್ಲಿಟ್ಟು ನೋಡಿದರೆ ವಿವೇಕ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಈ ವಿವೇಕವನ್ನು ಶಾಸನವಾಗಿ ಮಾಡಿಕೊಂಡ ದೇಶಗಳು ಇವೆ. ಡೆನ್ಮಾರ್ಕು 1987ರ ಶಾಸನದಿಂದ ಹಳೆಯ ಮಾದರಿಯ ವೃದ್ಧಾಲಯಗಳ ಹೊಸ ನಿರ್ಮಾಣವನ್ನೇ ನಿಲ್ಲಿಸಿ, ಹಿರಿಯರಿಗೆ ಅನುಕೂಲವಾದ ಮನೆಗಳನ್ನೂ ಆ ಮನೆಗಳಿಗೆ ಹಗಲೂ ರಾತ್ರಿಯೂ ಹೋಗಬಲ್ಲ ದಾದಿಯರನ್ನೂ ಗೃಹಸಹಾಯಕರನ್ನೂ ಪೌರಸಭೆಗಳು ಒದಗಿಸಬೇಕೆಂಬ ನೀತಿಯನ್ನು ಹಿಡಿಯಿತು. 1990ರ ದಶಕದಲ್ಲಿ ಇನ್ನೊಂದು ಶಾಸನವನ್ನು ಮಾಡಿ, ಎಪ್ಪತ್ತೈದು ತುಂಬಿದ ನಾಗರಿಕರ ಮನೆಗೆ ವರ್ಷಕ್ಕೆ ಎರಡು ಸಲ ಪೌರಸಭೆಯವರೇ ಹೋಗಿ ಯೋಗಕ್ಷೇಮವನ್ನು ವಿಚಾರಿಸುವ ಏರ್ಪಾಡನ್ನು ಕಡ್ಡಾಯಗೊಳಿಸಿತು. ರೋಗ ಬಂದ ಮೇಲಲ್ಲ, ಬರುವುದಕ್ಕೆ ಮುಂಚೆ. ಆ ದೇಶದ ಫ್ರೆಡೆರಿಸಿಯಾ ಎಂಬ ಪಟ್ಟಣವು 2008ರಲ್ಲಿ ಈ ವಿಚಾರವನ್ನು ಮತ್ತೂ ಒಂದು ಹೆಜ್ಜೆ ಮುಂದೆ ಒಯ್ದಿತು. ನೆರವು ಬೇಡಿ ಬಂದ ಹಿರಿಯರಿಗೆ ಕೂಡಲೆ ಆಳನ್ನು ನೇಮಿಸಿಬಿಡದೆ, ಅವರು ಯಾವ ಕೆಲಸವನ್ನು ಮರಳಿ ತಾವೇ ಮಾಡಿಕೊಳ್ಳಲು ಬಯಸುತ್ತಾರೆಂದು ಮೊದಲು ಕೇಳಿ, ಸ್ನಾನವೋ ಅಡುಗೆಯೋ ಅಂಗಡಿಗೆ ಹೋಗಿಬರುವುದೋ, ಅದನ್ನು ಕೆಲವು ವಾರ ಜೊತೆಗೆ ನಿಂತು ಅಭ್ಯಾಸ ಮಾಡಿಸುವ ಕ್ರಮ ಅದು. ಸೇವೆಯೆಂದರೆ ಅವರ ಕೈಯಿಂದ ಕೆಲಸವನ್ನು ಕಸಿದುಕೊಳ್ಳುವುದೆಂದು ತಿಳಿದಿರುವ ನಾವು, ಪ್ರೀತಿಯ ಹೆಸರಿನಲ್ಲಿ ‘ನೀವು ಸುಮ್ಮನೆ ಕೂತಿರಿ’ ಎಂದು ಅವರನ್ನು ಕುರ್ಚಿಗೆ ಕಟ್ಟಿಹಾಕುವ ನಾವು, ಈ ಪಟ್ಟಣದಿಂದ ಕಲಿಯತಕ್ಕದ್ದು ಬಹಳವಿದೆ.

ಆದರೆ ಡೆನ್ಮಾರ್ಕು ಅಲ್ಪಸಂಖ್ಯೆಯ ಸಂಪನ್ನ ರಾಷ್ಟ್ರ. ಕುಟುಂಬಧರ್ಮದ ಕಲ್ಪನೆಯೂ ಅಲ್ಲಿ ನಮ್ಮದರಂತಿಲ್ಲ. ನಮಗೆ ಹೆಚ್ಚು ಬೋಧಪ್ರದವಾದದ್ದು ಜಪಾನಿನ ಅನುಭವ. ಹಿರಿಯ ಮಗನ ಹೆಂಡತಿಯು ಅತ್ತೆಮಾವಂದಿರ ಸೇವೆಯನ್ನು ಮಾಡಬೇಕೆಂಬುದು ಅಲ್ಲಿಯೂ ಪುರಾತನವಾದ ಸಂಪ್ರದಾಯ. ಪಿತೃಭಕ್ತಿಯು ಅಲ್ಲಿಯೂ ಪರಮಧರ್ಮ. ಆ ದೇಶವು 1963ರಲ್ಲಿ ವೃದ್ಧಕಲ್ಯಾಣ ಶಾಸನವನ್ನು ಮಾಡಿತು, 1973ರಲ್ಲಿ ಎಪ್ಪತ್ತು ದಾಟಿದವರಿಗೆ ವೈದ್ಯೋಪಚಾರವನ್ನು ಉಚಿತಗೊಳಿಸಿತು. ಉದ್ದೇಶ ಉದಾತ್ತವಾಗಿದ್ದಿತು, ಪರಿಣಾಮವು ವಿಚಿತ್ರವಾಯಿತು. ಆಸ್ಪತ್ರೆಗೆ ಹೋದರೆ ಹಣವಿಲ್ಲದೆ ಶುಶ್ರೂಷೆ ದೊರೆಯುತ್ತಿತ್ತು, ಮನೆಯಲ್ಲಿದ್ದರೆ ಸಾಕಷ್ಟು ನೆರವು ದೊರೆಯುತ್ತಿರಲಿಲ್ಲ. ಆದಕಾರಣ ಚಿಕಿತ್ಸೆಯ ಅಗತ್ಯವೇ ಇಲ್ಲದ ವೃದ್ಧರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಸ್ಪತ್ರೆಯ ಮಂಚಗಳ ಮೇಲೆ ಮಲಗಿದರು, ಮಲಗಿದ್ದರಿಂದಲೇ ಏಳಲಾರದವರಾದರು. ಹತ್ತು ವರ್ಷಗಳ ಬಳಿಕ ಆ ಉಚಿತ ಪದ್ಧತಿಯನ್ನು ಕೈಬಿಟ್ಟು, 1989ರಲ್ಲಿ ಮನೆಯ ಸೇವೆಗಳನ್ನು ಬೆಳೆಸುವ ದಶವಾರ್ಷಿಕ ಯೋಜನೆಯನ್ನು ಕೈಗೊಂಡು, 1997ರಲ್ಲಿ ದೀರ್ಘಕಾಲದ ಆರೈಕೆಯ ವಿಮಾ ಶಾಸನವನ್ನು ಅಂಗೀಕರಿಸಿ, 2000ದ ಏಪ್ರಿಲಿನಿಂದ ಅದನ್ನು ಜಾರಿಗೆ ತಂದರು.

ಆ ವಿಮೆಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಲವತ್ತು ವರ್ಷ ತುಂಬಿದ ಪ್ರತಿಯೊಬ್ಬರೂ ಕಂತು ಕಟ್ಟತಕ್ಕದ್ದು. ವೆಚ್ಚದಲ್ಲಿ ಅರ್ಧ ಕಂತಿನಿಂದ, ಅರ್ಧ ಸರ್ಕಾರದ ಬೊಕ್ಕಸದಿಂದ. ಅರವತ್ತೈದು ದಾಟಿದವರಿಗೆ ನೆರವು ಬೇಕಾದಾಗ, ಅವರ ಬಡತನವನ್ನಾಗಲಿ ಮಕ್ಕಳ ಸಂಪಾದನೆಯನ್ನಾಗಲಿ ವಿಚಾರಿಸದೆ, ಅವರ ಶರೀರದ ಮತ್ತು ಮನಸ್ಸಿನ ಸ್ಥಿತಿಯನ್ನು ಮಾತ್ರ ಪರೀಕ್ಷಿಸಿ, ಅದರ ಪ್ರಮಾಣಕ್ಕೆ ತಕ್ಕಂತೆ ಗೃಹಸಹಾಯಕರ ಭೇಟಿ, ಸ್ನಾನದ ಏರ್ಪಾಡು, ಹಗಲಿನ ಆರೈಕೆಯ ಕೇಂದ್ರ, ಮನೆಯ ದುರಸ್ತಿ ಮೊದಲಾದವುಗಳನ್ನು ಒದಗಿಸುತ್ತಾರೆ. ಬಳಸುವವರು ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲನ್ನು ಕೊಡುತ್ತಾರೆ, ಆದಾಯ ಹೆಚ್ಚಿದ್ದವರು ಹೆಚ್ಚು. ಯಾವ ಸೇವೆ ಯಾವ ದಿನವೆಂಬುದನ್ನು ಗೊತ್ತುಮಾಡಿ ಹೊಂದಿಸಿಕೊಡಲು ಪ್ರತಿಯೊಬ್ಬರಿಗೂ ಒಬ್ಬ ಆರೈಕೆಯ ಸಂಯೋಜಕರಿರುತ್ತಾರೆ. ಈ ಶಾಸನದ ಚರ್ಚೆಯ ಕಾಲದಲ್ಲಿ ಒಂದು ಪ್ರಶ್ನೆ ಎದ್ದಿತು: ಜರ್ಮನಿಯಲ್ಲಿ ಮಾಡಿದಂತೆ, ಸೇವೆಗೆ ಬದಲಾಗಿ ಮನೆಯವರ ಕೈಗೆ ಹಣವನ್ನೇ ಏಕೆ ಕೊಡಬಾರದು? ಹಿಗುಚಿ ಕೇಕೋ ಎಂಬ ವಿದುಷಿಯೂ ಅವರು 1983ರಲ್ಲಿ ಕಟ್ಟಿದ ಮಹಿಳೆಯರ ಸಂಘವೂ ಇದನ್ನು ದೃಢವಾಗಿ ವಿರೋಧಿಸಿದರು. ಹಣವನ್ನು ಕೊಟ್ಟರೆ ಆ ಹಣದ ಹೆಸರಿನಲ್ಲಿ ಸೊಸೆಯನ್ನೇ ಮತ್ತೆ ಹಾಸಿಗೆಯ ಪಕ್ಕದಲ್ಲಿ ಕಟ್ಟಿಹಾಕುತ್ತಾರೆ, ನಮಗೆ ಬೇಕಾದದ್ದು ಸೇವೆ ಎಂದು ಅವರ ವಾದ. ಶಾಸನವು ಅವರ ವಾದವನ್ನು ಮನ್ನಿಸಿ ಸೇವೆಯನ್ನೇ ಕೊಟ್ಟಿತು. ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಅತ್ತೆಯ ಶುಶ್ರೂಷೆಗಾಗಿ ಕೆಲಸ ಬಿಟ್ಟ, ಓದು ಬಿಟ್ಟ, ಮೂವತ್ತು ವರ್ಷದಲ್ಲಿಯೇ ಬೆನ್ನು ಬಾಗಿದ ಸೊಸೆಯರನ್ನು ನೆನೆದಾಗ ಆ ಜಪಾನೀ ಸ್ತ್ರೀಯರ ದೂರದೃಷ್ಟಿಗೆ ಕೈಮುಗಿಯಬೇಕೆನಿಸುತ್ತದೆ. ವೃದ್ಧರ ಸ್ವಾತಂತ್ರ್ಯವನ್ನು ಸೊಸೆಯ ಸ್ವಾತಂತ್ರ್ಯದ ಬೆಲೆಗೆ ಕೊಳ್ಳುವುದು ಯಾವ ನ್ಯಾಯ?

ಆ ವಿಮೆಗಿಂತಲೂ ಹಳೆಯದಾದ ಇನ್ನೊಂದು ಅಂಗವು ಆ ದೇಶದಲ್ಲಿದೆ. 1917ರಲ್ಲಿ ಓಕಯಾಮಾ ಪ್ರಾಂತದಲ್ಲಿಯೂ ಮರುವರ್ಷ ಓಸಾಕಾದಲ್ಲಿಯೂ ಆರಂಭವಾಗಿ ದೇಶವ್ಯಾಪಿಯಾದ ಪದ್ಧತಿಯೊಂದರ ಪ್ರಕಾರ, ಪ್ರತಿಯೊಂದು ಕೇರಿಗೂ ಅಲ್ಲಿಯೇ ವಾಸಿಸುವ ಗೌರವಸ್ಥ ಸ್ವಯಂಸೇವಕರೊಬ್ಬರು ನಿಯುಕ್ತರಾಗಿದ್ದು, ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ, ಯಾರ ಮನೆಯ ಕಿಟಕಿ ಎರಡು ದಿನದಿಂದ ತೆರೆದಿಲ್ಲ ಎಂಬುದನ್ನು ಬಲ್ಲವರಾಗಿರುತ್ತಾರೆ. 2006ರಿಂದ ಊರಿನ ಪ್ರತಿ ಭಾಗಕ್ಕೂ ಸಂಬಳದ ದಾದಿ, ಸಮಾಜಕಾರ್ಯಕರ್ತ ಮೊದಲಾದವರುಳ್ಳ ಬೆಂಬಲ ಕೇಂದ್ರಗಳೂ ಬಂದುವು. ಸ್ವಯಂಸೇವಕರ ಕಣ್ಣಿಗೆ ಬಿದ್ದದ್ದನ್ನು ಈ ಕೇಂದ್ರದವರ ಕೈ ಮಾಡಿಕೊಡುತ್ತದೆ. ಇಷ್ಟಾಗಿಯೂ ಜಪಾನಿನಲ್ಲಿ ಒಂಟಿಯಾಗಿ ಸತ್ತು ದಿನಗಳ ತರುವಾಯ ಪತ್ತೆಯಾಗುವವರು ಇದ್ದಾರೆ. ಕಂತಿನ ಮೊತ್ತ ಏರುತ್ತಲೇ ಇದೆ. ಆರೈಕೆಯ ಕೆಲಸಕ್ಕೆ ಜನ ಸಾಲದೆ ಇಂಡೊನೇಶ್ಯ, ಫಿಲಿಪೀನ್ಸ್, ವಿಯೆಟ್ನಾಂ ದೇಶಗಳಿಂದ ಕರೆಸಿಕೊಳ್ಳಬೇಕಾಗಿದೆ. ಆದುದರಿಂದ ಅದನ್ನು ಸಿದ್ಧವಾದ ಅಚ್ಚೆಂದು ತಿಳಿಯುವುದು ಬೇಡ. ಆಸ್ಪತ್ರೆಯನ್ನು ಮಾತ್ರ ಉಚಿತಮಾಡಿ ಮನೆಯನ್ನು ಮರೆತರೆ ಏನಾಗುತ್ತದೆಂಬುದನ್ನು ಆ ದೇಶವು ತನ್ನ ವೆಚ್ಚದಲ್ಲಿ ನಮಗೆ ತೋರಿಸಿಕೊಟ್ಟಿದೆ, ಅಷ್ಟನ್ನಾದರೂ ಗ್ರಹಿಸೋಣ. ಎಪ್ಪತ್ತು ದಾಟಿದ ಎಲ್ಲರಿಗೂ 2024ರಿಂದ ಆಯುಷ್ಮಾನ್ ಭಾರತದ ಆಸ್ಪತ್ರೆಯ ವಿಮೆಯನ್ನು ವಿಸ್ತರಿಸಿರುವ ನಮ್ಮ ದೇಶಕ್ಕೆ ಈ ಪಾಠವು ಸಮಯೋಚಿತವಾದದ್ದು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಡಾಕ್ಟರ್ ಸುರೇಶ್ ಕುಮಾರರೂ ಅವರ ಮಿತ್ರರೂ ಸೇರಿ ನೋವಿನ ಉಪಶಮನಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಗುಣವಾಗದ ಕಾಯಿಲೆಯವರು ಬಸ್ಸು ಹತ್ತಿ ಆಸ್ಪತ್ರೆಗೆ ಬರಲಾರರು, ಆಸ್ಪತ್ರೆಯೇ ಅವರ ಮನೆಗೆ ಹೋಗಬೇಕು ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. 2001ರಿಂದ ಈಚೆಗೆ ಉತ್ತರ ಕೇರಳದ ಹಳ್ಳಿಗಳಲ್ಲಿ ನೆರೆಹೊರೆಯ ಜಾಲಗಳು ಹರಡಿದುವು. ವಾರಕ್ಕೆ ಒಂದೆರಡು ಗಂಟೆಯನ್ನು ಕೊಡಲು ಒಪ್ಪಿದ ಗೃಹಿಣಿಯರು, ವಿದ್ಯಾರ್ಥಿಗಳು, ಅಂಗಡಿಯವರು, ಆಟೋ ಓಡಿಸುವವರು ತರಬೇತಿಯನ್ನು ಪಡೆದು ತಮ್ಮ ಕೇರಿಯ ರೋಗಿಗಳನ್ನು ತಾವೇ ಕಂಡುಬಂದರು. ಚಿಕ್ಕ ಚಿಕ್ಕ ಕಾಣಿಕೆಗಳಿಂದ ವೆಚ್ಚವನ್ನು ಕೂಡಿಸಿದರು. ಹುಣ್ಣನ್ನು ತೊಳೆಯುವ ದಾದಿಯೊಡನೆ ಅಕ್ಕಿಯ ಚೀಲವೂ ಮಕ್ಕಳ ಪುಸ್ತಕವೂ ಆ ಮನೆಗಳಿಗೆ ಹೋದುವು. 2008ರಲ್ಲಿ ಕೇರಳ ಸರ್ಕಾರವು ಇದನ್ನು ತನ್ನ ನೀತಿಯಾಗಿ ಘೋಷಿಸಿ, ಸ್ಥಳೀಯ ಸಂಸ್ಥೆಗಳ ಹೊಣೆಗೆ ತಂದಿತು. ಮುದುಕರಿಗಾಗಿಯೇ ಹುಟ್ಟಿದ ವ್ಯವಸ್ಥೆ ಅದಲ್ಲವಾದರೂ, ಅದರ ಫಲವನ್ನು ಬಹುವಾಗಿ ಉಂಡವರು ಹಾಸಿಗೆ ಹಿಡಿದ ಹಿರಿಯರೇ. ಇದರಲ್ಲಿ ನನ್ನನ್ನು ಆಕರ್ಷಿಸುವುದು ಕ್ರಮದ ವಿಷಯ: ಜನರು ಮೊದಲು ಕಟ್ಟಿದರು, ಪಂಚಾಯಿತಿಯು ಆಮೇಲೆ ಹೊತ್ತುಕೊಂಡಿತು, ಹೊತ್ತುಕೊಂಡ ಮೇಲೂ ಜನರು ಕೈಬಿಡಲಿಲ್ಲ.

ತಮಿಳುನಾಡಿನಲ್ಲಿ ನಡೆದದ್ದು ಇನ್ನೂ ಸರಳ. ಅಲ್ಲಿ 1982ರಲ್ಲಿ ಮಕ್ಕಳಿಗಾಗಿ ಆರಂಭವಾದ ಪೌಷ್ಟಿಕ ಊಟದ ಯೋಜನೆಯನ್ನು ಮರುವರ್ಷವೇ ವೃದ್ಧಾಪ್ಯವೇತನ ಪಡೆಯುವವರಿಗೂ ವಿಸ್ತರಿಸಿದರು. ಒಲೆ ಉರಿಯುತ್ತಿದೆ, ಅನ್ನ ಬೇಯುತ್ತಿದೆ, ಇನ್ನು ನಾಲ್ಕು ಎಲೆ ಹಾಕುವುದಕ್ಕೆ ಏನು ಅಡ್ಡಿ ಎಂಬಷ್ಟು ಸಹಜವಾದ ವಿವೇಚನೆ. 2021ರ ಆಗಸ್ಟಿನಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಿಂದಲೇ ಆ ರಾಜ್ಯವು, ರಕ್ತದೊತ್ತಡ ಮಧುಮೇಹಗಳ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸುವ, ಭೌತಚಿಕಿತ್ಸೆಯ ವ್ಯಾಯಾಮಗಳನ್ನು ಮನೆಯಲ್ಲಿಯೇ ಮಾಡಿಸುವ ಯೋಜನೆಯನ್ನು ಹೊರಡಿಸಿತು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅದು ಅಸತ್ಯವಾದೀತು. ಸಂವಿಧಾನದ 41ನೆಯ ಅನುಚ್ಛೇದವು ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವನ್ನು ಪ್ರಭುತ್ವದ ನಿರ್ದೇಶಕ ತತ್ವಗಳಲ್ಲಿ ಸೇರಿಸಿದೆ. ರಾಜ್ಯದ ಸಂಧ್ಯಾ ಸುರಕ್ಷಾ ಮಾಸಾಶನ ಯೋಜನೆಯು 2007ರಿಂದ ನಡೆಯುತ್ತಿದೆ. ಮಾಸಾಶನದ ದಿನ ಅಂಚೆಯಣ್ಣನ ದಾರಿ ಕಾಯುವ ಮುದುಕಿಗೆ ಆ ಹಣಕ್ಕಿಂತ, ಅದು ತನ್ನ ಹೆಸರಿಗೆ ಬಂದ ಹಣವೆಂಬ ಭಾವವೇ ದೊಡ್ಡದು. ಆದರೆ ಕೇಂದ್ರ ಸರ್ಕಾರವು ವೃದ್ಧಾಪ್ಯವೇತನಕ್ಕೆ ಕೊಡುವ ಪಾಲು ಎಂಬತ್ತರ ಕೆಳಗಿನವರಿಗೆ ಇಂದಿಗೂ ತಿಂಗಳಿಗೆ 200 ರೂಪಾಯಿಯಲ್ಲಿಯೇ ನಿಂತಿರುವುದು ಯಾವ ದೃಷ್ಟಿಯಿಂದ ನೋಡಿದರೂ ನಾಚಿಕೆಯ ವಿಷಯ. ಬೆಂಗಳೂರಿನಲ್ಲಿ ನಗರದ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ತೆರೆದ 1090 ಎಂಬ ಹಿರಿಯರ ಸಹಾಯವಾಣಿಯು, ಮನೆಯಲ್ಲಿಯೇ ಕಿರುಕುಳಕ್ಕೆ ಗುರಿಯಾದ ಎಷ್ಟೋ ಹಿರಿಯರಿಗೆ ಮೊದಲ ಬಾರಿಗೆ ಕೇಳುವ ಕಿವಿಯಾಯಿತು; ಈಗ 14567 ಎಂಬ ರಾಷ್ಟ್ರೀಯ ಸಂಖ್ಯೆಯೂ ಇದೆ. 2023ರ ಶಕ್ತಿ ಯೋಜನೆಯಿಂದ ಬಸ್ಸಿನಲ್ಲಿ ಹಣವಿಲ್ಲದೆ ಹೋಗಬಲ್ಲ ಅಜ್ಜಿಯರು ಮಗನ ಕೈನೋಡದೆ ತವರಿಗೂ ದೇವಸ್ಥಾನಕ್ಕೂ ಕಣ್ಣಾಸ್ಪತ್ರೆಗೂ ಹೋಗಿಬರುವುದನ್ನು ಕೆಲವರು ಹಗುರವಾಗಿ ಆಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ವೃದ್ಧ ಸ್ತ್ರೀಯರ ಸ್ವಾತಂತ್ರ್ಯಕ್ಕಾಗಿ ಈಚಿನ ವರ್ಷಗಳಲ್ಲಿ ಈ ನಾಡು ಮಾಡಿದ ಅತ್ಯಂತ ಪ್ರತ್ಯಕ್ಷವಾದ ಕೆಲಸಗಳಲ್ಲೊಂದು.

ಕೊರತೆಯಿರುವುದು ಮನೆಯೊಳಗಣ ನೆರವಿನಲ್ಲಿ. ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯನ್ನೇ ನೋಡಿರಿ. ಮಕ್ಕಳಿಂದ ಜೀವನಾಂಶವನ್ನು ಕೊಡಿಸುವ ನ್ಯಾಯಾಧಿಕರಣವನ್ನು ಅದು ಏರ್ಪಡಿಸಿತು. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕರಿಗೆ ವೃದ್ಧಾಶ್ರಮವನ್ನು ಕಲ್ಪಿಸಿತು. ಮಗನ ಮೇಲೆ ದಾವೆ, ಇಲ್ಲವೆ ಆಶ್ರಮ: ಆರಂಭದಲ್ಲಿ ನಾನು ಹೇಳಿದ ಆ ಎರಡು ದಾರಿಗಳೇ ಶಾಸನದ ರೂಪವನ್ನು ತಾಳಿವೆ. ಮನೆಯಲ್ಲಿಯೇ ಆರೈಕೆಯ ಸೇವೆಗಳನ್ನು ಸೇರಿಸುವ ತಿದ್ದುಪಡಿಯ ಮಸೂದೆಯೊಂದು 2019ರಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ ಅದು ಶಾಸನವಾಗಲಿಲ್ಲ. ಈ ನಡುವೆ ಉಳ್ಳವರು ಹೋಂ ನರ್ಸುಗಳನ್ನು ಇರಿಸಿಕೊಳ್ಳುತ್ತಾರೆ. ಹಳ್ಳಿಗಳಿಂದ ಬಂದ ಆ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಸಾಕಷ್ಟು ತರಬೇತಿಯಿಲ್ಲ, ರಜೆಯಿಲ್ಲ, ಅವರ ಮುಪ್ಪಿಗೆ ಆಧಾರವೂ ಇಲ್ಲ; ಇಲ್ಲದವರಿಗೆ ಅದೂ ಇಲ್ಲ.

ಈ ಕೊರತೆಯನ್ನು ತುಂಬುವುದಕ್ಕೆ ನಮ್ಮಲ್ಲಿಯೇ ಒಂದು ಮಾದರಿಯುಂಟು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಎಳೆಯ ಮಗುವಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ನೆರಳು, ಒಂದು ಹೊತ್ತಿನ ಆಹಾರ, ಹೆಸರು ಹಿಡಿದು ಕರೆಯುವ ಒಬ್ಬ ಹೆಣ್ಣುಮಗಳು ಇರಬೇಕೆಂಬುದನ್ನು ಅಂದಿನ ಬಡ ಭಾರತವು ಒಪ್ಪಿಕೊಂಡಿತು. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ. ಹಸುಳೆಗೆ ಸಾಧ್ಯವಾದದ್ದು ಹಿರಿಯರಿಗೆ ಅಸಾಧ್ಯವೆಂದು ವಾದಿಸುವುದಕ್ಕೆ ನನಗೆ ಕಾರಣ ತೋರದು. ಮಕ್ಕಳ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹದ ಒಲೆ ಬಹುತೇಕ ಸರ್ಕಾರೀ ಶಾಲೆಗಳಲ್ಲಿ ಮಧ್ಯಾಹ್ನ ಉರಿಯುತ್ತದೆ. ಆ ಊರಿನ ಒಂಟಿ ವೃದ್ಧರಿಗೆ ಬುತ್ತಿಯೊಂದನ್ನು ಅದೇ ಒಲೆಯಿಂದ, ಅಡುಗೆಯವರಿಗೆ ತಕ್ಕ ಸಂಬಳವನ್ನು ಹೆಚ್ಚಿಸಿ, ಕಳಿಸಬಹುದು. ಬುತ್ತಿ ಒಯ್ದವರು ಅನ್ನವನ್ನು ಮಾತ್ರ ಒಯ್ಯುವುದಿಲ್ಲ. ಆ ಮನೆಯ ಕದ ಆ ದಿನ ತೆರೆಯಿತೆಂಬ ಸುದ್ದಿಯನ್ನು ಊರಿಗೆ ತರುತ್ತಾರೆ. ಪಂಚಾಯಿತಿಗೆ ಒಬ್ಬರಂತೆ, ಪಟ್ಟಣದ ವಾರ್ಡಿಗೆ ಒಬ್ಬರಂತೆ ತರಬೇತಿ ಪಡೆದ ಗೃಹಸೇವಕಿಯರನ್ನು, ಗೌರವಧನವೆಂಬ ಹೆಸರಿನ ಅಲ್ಪವೇತನಕ್ಕಲ್ಲದೆ, ಸಂಬಳ ರಜೆ ನಿವೃತ್ತಿಗಳ ಕ್ರಮಕ್ಕೆ ಒಳಪಡಿಸಿ ನೇಮಿಸಬೇಕು. ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ಮತ್ತು ಅಂಗನವಾಡಿ ಕಾರ್ಯಕರ್ತೆಯರ ತಲೆಯ ಮೇಲೆ ಹೊರಿಸಿಬಿಡುವ ಪ್ರಲೋಭನೆ ಅಧಿಕಾರಿಗಳಿಗೆ ಬರುವುದು ಖಂಡಿತ. ಅದಕ್ಕೆ ನನ್ನ ವಿರೋಧವನ್ನು ಈ ವೇದಿಕೆಯಿಂದಲೇ ಹೇಳಿಬಿಡುತ್ತೇನೆ. ಆ ಹೆಣ್ಣುಮಕ್ಕಳು ಈಗ ಹೊತ್ತಿರುವುದೇ ಅವರ ಸಂಬಳಕ್ಕೆ ಮೀರಿದ್ದು.

ಹೀಗೆ ಮಾಡಿದರೆ ಮಕ್ಕಳ ಕರ್ತವ್ಯಬುದ್ಧಿ ಸಡಿಲವಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಮಗಳು ರಜೆಗೆ ಬಂದ ನಾಲ್ಕು ದಿನವನ್ನೂ ಬ್ಯಾಂಕು, ವಿದ್ಯುತ್ತಿನ ಕಚೇರಿ, ಔಷಧದ ಅಂಗಡಿಗಳಲ್ಲಿ ಅಲೆದು ಕಳೆದು, ತಾಯಿಯ ಪಕ್ಕದಲ್ಲಿ ಕೂತು ಮಾತನಾಡದೆಯೇ ಹಿಂದಿರುಗುವುದು ಕರ್ತವ್ಯವೆ? ಶ್ರಮದ ಭಾರವನ್ನು ಊರು ಹಂಚಿಕೊಂಡಾಗ ಮಕ್ಕಳಿಗೆ ಉಳಿಯುವುದು ವಾತ್ಸಲ್ಯ. ಅದನ್ನು ಯಾವ ಗೃಹಸೇವಕಿಯೂ ಅವರ ಬದಲಿಗೆ ಕೊಡಲಾರಳು. ಮಕ್ಕಳಿಲ್ಲದವರನ್ನೂ ಮಕ್ಕಳನ್ನು ಕಳೆದುಕೊಂಡವರನ್ನೂ ಈ ಪ್ರಶ್ನೆಯು ಪೂರ್ತಿಯಾಗಿ ಮರೆತುಬಿಡುತ್ತದೆಂಬುದನ್ನೂ ಗಮನಿಸಬೇಕು.

ಇನ್ನೊಂದು ವಿಷಯವು ಇದಕ್ಕಿಂತ ಸೂಕ್ಷ್ಮ. ಸೇವೆಯನ್ನು ತಂದವರು ಆ ಮನೆಯ ಯಜಮಾನಿಕೆಯನ್ನೂ ತಮ್ಮ ಕೈಗೆ ತೆಗೆದುಕೊಳ್ಳುವ ಅಪಾಯವಿದೆ. ಎಂಬತ್ತರ ಅಜ್ಜಿ ತನ್ನ ಸೌದೆಯ ಒಲೆಯಲ್ಲಿಯೇ ನೀರು ಕಾಯಿಸುತ್ತೇನೆ ಎಂದರೆ, ಮಾಗಿಯ ಬೆಳಗಿನಲ್ಲಿ ಕೆರೆಯ ಏರಿಯ ಮೇಲೆ ನಡೆದು ಬರುತ್ತೇನೆ ಎಂದರೆ, ಅದರಲ್ಲಿ ಅಪಾಯವಿರಬಹುದು. ಅಪಾಯವನ್ನು ತಿಳಿಸಿ ಹೇಳಬಹುದು, ಕಡಮೆ ಮಾಡಬಹುದು. ನಿಷೇಧಿಸುವ ಅಧಿಕಾರ ಸೇವೆ ಮಾಡುವವರಿಗಿಲ್ಲ. ಬುದ್ಧಿಯು ಸ್ಥಿರವಾಗಿರುವವರೆಗೆ ಇಪ್ಪತ್ತರ ಯುವಕನಿಗೆ ಇರುವಷ್ಟೇ ಸ್ವೇಚ್ಛೆ ಎಂಬತ್ತರವರಿಗೂ ಉಂಟು. ಮರೆವಿನ ರೋಗವು ಬುದ್ಧಿಯನ್ನೇ ಕವಿದಾಗ ಪ್ರಶ್ನೆ ಕಠಿನವಾಗುತ್ತದೆ. ಆಗಲೂ ಆ ವ್ಯಕ್ತಿಯು ಯಾವ ಹೊತ್ತಿಗೆ ಕಾಫಿ ಕುಡಿಯುತ್ತಿದ್ದರು, ಯಾವ ದೇವರ ನಾಮವನ್ನು ಹಾಡುತ್ತಿದ್ದರು, ಯಾವ ಬಣ್ಣದ ಸೀರೆಯನ್ನು ಉಡಲೊಲ್ಲದವರಾಗಿದ್ದರು ಎಂಬುದನ್ನು ಬಲ್ಲ ನೆರೆಯವರು ಹತ್ತಿರವಿದ್ದರೆ, ಆ ಜ್ಞಾನವೇ ಅವರ ಇಚ್ಛೆಯ ಪ್ರತಿನಿಧಿಯಾಗಬಲ್ಲದು. ಮನೆಯಿಂದ ಕಿತ್ತು ದೂರದ ಕಟ್ಟಡಕ್ಕೆ ಒಯ್ದಾಗ ಮೊದಲು ನಷ್ಟವಾಗುವುದು ಈ ಜ್ಞಾನ.

ವೆಚ್ಚದ ವಿಚಾರವನ್ನು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಲಿ. ಅವರು ಲೆಕ್ಕಹಾಕುವಾಗ ಕೆಲಸ ಬಿಟ್ಟ ಸೊಸೆಯ ಕೂಲಿಯನ್ನೂ, ಮುರಿದ ಮೂಳೆಯ ಶಸ್ತ್ರಚಿಕಿತ್ಸೆಯನ್ನೂ ಮರೆಯದೆ ಸೇರಿಸಿಕೊಳ್ಳಲಿ ಎಂದು ಮಾತ್ರ ನನ್ನ ಪ್ರಾರ್ಥನೆ.

ಕಾಯಿದೆಯೂ ವಿಮೆಯೂ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಸಮಾಜಕಲ್ಯಾಣವನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಹೆಸರಿಸಿದೆ. ನಮ್ಮ 1993ರ ಪಂಚಾಯತ್ ರಾಜ್ ಶಾಸನದ ಪ್ರಕಾರ ಗ್ರಾಮಸಭೆಗಳು ನಡೆಯುತ್ತಿವೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಚರಂಡಿಗಳ ಪಟ್ಟಿಯ ಜೊತೆಗೆ, ಈ ಊರಿನಲ್ಲಿ ಎಪ್ಪತ್ತು ದಾಟಿ ಒಂಟಿಯಾಗಿ ಅಥವಾ ಇಬ್ಬರೇ ಇರುವವರು ಯಾರು ಯಾರು, ಅವರಿಗೆ ಯಾವುದು ಮಾಡಿಕೊಳ್ಳಲಾಗುತ್ತದೆ, ಯಾವುದು ಆಗದು, ರಾತ್ರಿ ಕರೆದರೆ ಓಡಿ ಬರುವವರು ಯಾರು ಎಂಬ ಇನ್ನೊಂದು ಪಟ್ಟಿಯನ್ನು, ಆಯಾ ಹಿರಿಯರ ಅನುಮತಿಯಿಂದ, ಅವರ ಬಾಯಿಂದಲೇ ಕೇಳಿ ಬರೆದಿಡಿರಿ. ವಾರ್ಡುಗಳಲ್ಲಿ ಇದನ್ನು ಬಡಾವಣೆಯ ಸಂಘಗಳು ಮಾಡಬಹುದು. ಈ ದತ್ತಿ ಉಪನ್ಯಾಸಕ್ಕೆ ಸೇರಿರುವ ತಾವು ಇಷ್ಟು ಜನ ತಮ್ಮ ತಮ್ಮ ಬೀದಿಗಳ ಪಟ್ಟಿಯನ್ನು ಮುಂದಿನ ವರ್ಷದ ಉಪನ್ಯಾಸದ ವೇಳೆಗೆ ಸಿದ್ಧಪಡಿಸಿ, ಆ ಮನೆಗಳ ಬಚ್ಚಲುಗಳಿಗೆ ಹಿಡಿಕೆಗಳನ್ನು ಹಾಕಿಸಿರೆಂದು ಬೇಡಿಕೊಳ್ಳುತ್ತೇನೆ.